ಹನ್ನೊಂದು ಗಂಟೆಗೆ ಹೋಗುವ ನೆಟ್ಟು

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಿ ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಒಲೆ ಮೇಲೆ ಹಾಲು ಉಕ್ಕಿದರೆ ಅವ್ವ "ನಿನ್ನಂಗೇ ಕಣವ್ವ" ಅನ್ನುತ್ತಾಳೆ. ಇಂಥವಳನ್ನು ಹಳ್ಳಿಗಳಿಗೆ ಕಳಿಸಿ ಜನರ ವಿಶ್ವಾಸ ಗಳಿಸಿಕೊಂಡು ಬಾ ಎಂದ ನಮ್ಮ ಸಂಸ್ಥೆಯ ಧೈರ್ಯಕ್ಕೆ ಕೈಮುಗಿಯಬೇಕು.

ಸಂಸ್ಥೆ ಅಂದರೆ ದೊಡ್ಡದೇನಲ್ಲ. ಕೊಳ್ಳೇಗಾಲದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಕೋಣೆ, ಎರಡು ಲ್ಯಾಪ್‌ಟಾಪು, ಒಂದು ಏಣಿ, ಒಂದು ಬೈಕು. ಕೆಲಸಕ್ಕೆ ನಾನು, ಮತ್ತೆ ಮೈಸೂರಿನಿಂದ ಬಂದ ನನ್ನದೇ ವಯಸ್ಸಿನ ಒಬ್ಬ ಇಂಜಿನಿಯರು. ಮೊಬೈಲ್ ಸಿಗ್ನಲ್ಲು ನೆಟ್ಟಗೆ ಸಿಗದ ಊರುಗಳಿಗೆ ಬಡವರ ಕೈಗೆಟುಕುವ ಹಾಗೆ ವೈಫೈ ಕೊಡುವುದು ನಮ್ಮ ಕೆಲಸ. ಊರಿನಲ್ಲಿ ಎತ್ತರದ ಮನೆ ಹುಡುಕಿ, ತಾರಸಿಯ ಮೇಲೆ ಕಂಬ ನೆಟ್ಟು, ಅದರ ತುದಿಗೊಂದು ಡಿಶ್ಶು, ಬುಡಕ್ಕೊಂದು ಸೋಲಾರ್ ಪ್ಯಾನೆಲ್ಲು, ಬ್ಯಾಟರಿ. ಅಷ್ಟಾದರೆ ಬೀದಿಗೆಲ್ಲ ನೆಟ್ಟು. ಕಾಗದದ ಮೇಲೆ ಇದು ಎಷ್ಟು ಸಲೀಸಾಗಿ ಕಾಣುತ್ತದೆಂದರೆ, ಮೈಸೂರಿನವನು ಬಾಣದ ಗುರುತು ಹಾಕಿ ಬಣ್ಣ ಬಳಿದ ಚಿತ್ರವನ್ನು ನಾನೇ ನಂಬಿಬಿಟ್ಟಿದ್ದೆ.

ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ನಮಗೆ ತಾರಸಿ ಕೊಟ್ಟವನು ಟ್ರ್ಯಾಕ್ಟರ್ ಇಟ್ಟುಕೊಂಡ ಒಬ್ಬ ರೈತ. ಬಾಡಿಗೆ ಬೇಡ ಅಂದ. ಅವನಿಗೆ ಬೇಕಾಗಿದ್ದದ್ದು ಒಂದೇ, ಅದು ಅವನ ತಾಯಿಗಾಗಿ.

ಆ ತಾಯಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ನಾನು ಅವರನ್ನು ದೊಡ್ಡವ್ವ ಅಂತಲೇ ಕರೆಯುತ್ತಿದ್ದೆ, ಕೇಳಿಸದಿದ್ದರೂ. ಅವರ ಕಾಲದಲ್ಲಿ ಕೈಸನ್ನೆ ಕಲಿಸುವ ಶಾಲೆ ಯಾರಿಗೆ ಗೊತ್ತಿತ್ತು? ಅವರೂ ಅವರ ತಂಗಿಯೂ ಚಿಕ್ಕಂದಿನಲ್ಲಿ ದನ ಮೇಯಿಸುತ್ತ ತಮ್ಮದೇ ಸನ್ನೆಗಳನ್ನು ಕಟ್ಟಿಕೊಂಡಿದ್ದರು. ತಂಗಿಗೆ ಕಿವಿ ಚೆನ್ನಾಗಿದೆ, ಮಾತೂ ಜಾಸ್ತಿಯೇ. ಮನೆಯವರಿಗೆ ಊಟ, ನೀರು, ಹಸು, ಬಾ, ಹೋಗು ಇಷ್ಟು ಬರುತ್ತಿತ್ತು. ಪೂರಾ ಮಾತಾಡಲು ಬರುತ್ತಿದ್ದುದು ಪ್ರಪಂಚದಲ್ಲಿ ಆ ತಂಗಿಯೊಬ್ಬರಿಗೇ. ಅವರನ್ನು ಕೊಟ್ಟಿರುವುದು ಯಳಂದೂರಿನ ಕಡೆ ಅಗರಕ್ಕೆ. ಮೊದಲೆಲ್ಲ ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದರಂತೆ. ಹೋದ ಗೌರಿ ಹಬ್ಬಕ್ಕೆ ಮುಂಚೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆವತ್ತಿನಿಂದ ಹಾಸಿಗೆ. ಇತ್ತ ದೊಡ್ಡವ್ವನಿಗೆ ಮೊಣಕಾಲು ನೋವು, ಅಷ್ಟು ದೂರ ಬಸ್ಸಿನಲ್ಲಿ ಕೂರುವ ಮಾತೇ ಇಲ್ಲ. ಎಂಟು ತಿಂಗಳಿಂದ ಅವರು ಯಾರ ಜೊತೆಗೂ ಮಾತಾಡಿರಲಿಲ್ಲ.

"ಫೋನ್ ಕಿವಿಗೆ ಇಟ್ರೆ ಅವ್ವಂಗೆ ಏನ್ ಕೇಳ್ತದವ್ವ? ಮೊಕ ಕಾಣ್ಬೇಕು, ಕೈ ಕಾಣ್ಬೇಕು," ಅಂದಿದ್ದ ಮಗ. "ಅದೊಂದ್ ಮಾಡ್ಕೊಡಿ, ಕಂಬ ಎಷ್ಟಾರ ನೆಡ್ಕೊಳಿ."

ಅದೇನು ಮಹಾ, ವಿಡಿಯೊ ಕಾಲ್ ತಾನೇ ಎಂದು ನಾನು ಎದೆ ತಟ್ಟಿಕೊಂಡು ಒಪ್ಪಿದ್ದೆ.

ಕಂಬ ನೆಟ್ಟ ಮೂರನೇ ದಿನಕ್ಕೇ ಕಾಟ ಶುರುವಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ನೆಟ್ಟು ಹೋಗುವುದು, ಸಂಜೆ ಐದಕ್ಕೆ ಬರುವುದು, ರಾತ್ರಿ ಊಟದ ಹೊತ್ತಿಗೆ ಮತ್ತೆ ಹೋಗುವುದು. ಕೊಳ್ಳೇಗಾಲದ ಕೋಣೆಯಲ್ಲಿ ಕೂತು ನಾವಿಬ್ಬರೂ ತಲೆ ಕೆರೆದುಕೊಂಡೆವು. ಬಿಸಿಲಿಗೆ ವೈಫೈ ಡಬ್ಬಿ ಕಾದು ನಿಂತುಹೋಗುತ್ತಿದೆ ಎಂದ ಅವನು. ಆನೆ ಬಂದು ಕಂಬಕ್ಕೆ ಮೈ ಉಜ್ಜುತ್ತಿದೆ ಎಂದೆ ನಾನು. ತಾರಸಿ ಮೇಲಿನ ಕಂಬಕ್ಕೆ ಆನೆ ಹೇಗೆ ಉಜ್ಜುತ್ತದೆ ಎಂದು ಅವನು ಕೇಳಿದ. ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ನೋಡಿಯೇ ಬಿಡೋಣ ಎಂದು ಹೊರಟೆವು. ಹೋಗುವ ಮೊದಲು ಫೋನ್ ಮಾಡಿ ತಿಳಿಸುವುದು ನಮ್ಮ ಪದ್ಧತಿ. ಹಾಲಿನ ಡೈರಿ ಹತ್ತಿರ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ, ಮಗ ಅಲ್ಲಿ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ "ಇವತ್ತು ಬರ್ತಿದೀವಿ" ಅನ್ನುವುದು. ಹೋದರೆ ತಾರಸಿ ಗುಡಿಸಿ ಥಳಥಳ ಅನ್ನುತ್ತಿತ್ತು. ಪ್ಯಾನೆಲ್ಲಿನ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ನಾವು ಕಾಫಿ ಕುಡಿದು, ತಂತಿಗಳನ್ನೆಲ್ಲ ಎಳೆದೆಳೆದು ನೋಡಿ, ಮೀಟರ್ ಹಿಡಿಯುವಷ್ಟರಲ್ಲಿ ನೆಟ್ಟು ತಾನಾಗಿಯೇ ಬಂದುಬಿಡುವುದು. ಮೈಸೂರಿನವನು ತಾನು ಏನನ್ನೋ ಸರಿಮಾಡಿದೆ ಎಂದು ಬೀಗುತ್ತಿದ್ದ. ಹೀಗೆ ಮೂರು ಸಲ ಹೋದೆವು. ಮೂರು ಸಲವೂ ರಿಪೇರಿಯಾಯಿತು, ಮಾರನೆಯ ದಿನ ಹನ್ನೊಂದಕ್ಕೆ ಹೋಯಿತು. ವರದಿಯಲ್ಲಿ "ಮನೆಯವರು ಪ್ಯಾನೆಲನ್ನು ಬಹಳ ಶುಚಿಯಾಗಿ ಇಟ್ಟುಕೊಂಡಿದ್ದಾರೆ" ಎಂದು ಬರೆದವಳು ನಾನೇ.

ಇದರ ನಡುವೆ ದೊಡ್ಡವ್ವನ ಮಾತು ಶುರುವಾಗಲೇ ಇಲ್ಲ. ಅಗರದಲ್ಲಿ ದೊಡ್ಡ ಫೋನ್ ಇದ್ದುದು ತಂಗಿಯ ಮಗನ ಹತ್ತಿರ. ಅವನು ಗುಮಾಸ್ತ, ಭಾನುವಾರ ಮಾತ್ರ ಮನೆಯಲ್ಲಿರುತ್ತಾನೆ, ಅದೂ ಮಧ್ಯಾಹ್ನ ಒಂದು ಗಂಟೆಯವರೆಗೆ. ಹನ್ನೆರಡಕ್ಕೆ ಮಾತಾಡುವುದು ಎಂದು ಗೊತ್ತುಮಾಡಿದ್ದೆವು. ಭಾನುವಾರ ನಮಗೂ ರಜಾ, ಹಾಗಾಗಿ ನಾವು ಹೋಗಿರಲಿಲ್ಲ. ಮೊದಲನೇ ಭಾನುವಾರ ದೊಡ್ಡವ್ವ ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಫೋನ್ ಮುಂದೆ ಕೂತರಂತೆ. ಪರದೆಯಲ್ಲಿ ಏನೋ ಒಂದು ಸುತ್ತುತ್ತಲೇ ಇತ್ತಂತೆ. ಎರಡನೇ ಭಾನುವಾರವೂ ಅದೇ ಸೀರೆ, ಅದೇ ಸುತ್ತುವುದು. ಒಂದು ಗಂಟೆಗೆ ಎದ್ದುಹೋಗಿ ದನಕ್ಕೆ ನೀರಿಟ್ಟರು ಎಂದು ಮಗ ಡೈರಿಯಿಂದ ಫೋನ್ ಮಾಡಿ ಹೇಳಿದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೂರನೇ ಭಾನುವಾರ ನಾವೇ ಹೊರಟೆವು. ಫೋನ್ ಮಾಡಿ ತಿಳಿಸುವ ಸರದಿ ಯಾರದು ಎಂದು ನನಗೂ ಅವನಿಗೂ ಜಗಳವಾಯಿತು. ಅವನೇ ಮಾಡಲಿ ಎಂದು ನಾನು, ನಾನೇ ಮಾಡಲಿ ಎಂದು ಅವನು. ಇಬ್ಬರೂ ಮಾಡಲಿಲ್ಲ. ನನ್ನ ವೃತ್ತಿಜೀವನದಲ್ಲಿ ಇಷ್ಟು ಪ್ರಯೋಜನಕ್ಕೆ ಬಂದ ಜಗಳ ಇನ್ನೊಂದಿಲ್ಲ.

ಹನ್ನೊಂದು ದಾಟಿತ್ತು. ತಾರಸಿಯ ಮೆಟ್ಟಿಲು ಹತ್ತಿ ನೋಡುತ್ತೇನೆ, ನಮ್ಮ ಪ್ಯಾನೆಲ್ಲೇ ಇಲ್ಲ. ಅದರ ಜಾಗದಲ್ಲಿ ಒಂದು ಹಳೇ ಪಂಚೆ, ನಾಲ್ಕು ಮೂಲೆಗೂ ದಾರ ಕಟ್ಟಿ ಬಿಗಿದದ್ದು. ಪಂಚೆಯ ತುಂಬ ಸಾಲುಸಾಲಾಗಿ ಸಂಡಿಗೆ. ಪಕ್ಕದಲ್ಲಿ ದೊಡ್ಡವ್ವ ಹೊಸ ಸೀರೆ ಉಟ್ಟುಕೊಂಡು, ಕಾಗೆ ಓಡಿಸಲು ಒಂದು ಕೋಲು ಹಿಡಿದು ಕೂತಿದ್ದರು.

ನಮ್ಮ ದನಿ ಕೇಳಿ ಸೊಸೆ ಓಡಿ ಬಂದಳು. ಬಂದವಳು ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡಳು.

"ಬತ್ತೀವಿ ಅಂತ ಒಂದ್ ಮಾತು ಹೇಳ್ನಿಲ್ವಲ್ಲ ಕಣವ್ವ. ಪ್ರತಿ ಸಲ ನೀವು ಬತ್ತೀರಿ ಅಂದ್ರೆ ಸಂಡಿಗೆ ಎತ್ತಿ, ಗಾಜು ತೊಳ್ದು, ಗುಡ್ಸಿ ಇಡ್ತಿದ್ದೆ. ಇವತ್ತು ನೋಡು, ಎಲ್ಲಾ ಗಲೀಜು."

"ದಿನಾ ಇಲ್ಲೇ ಒಣಗಿಸ್ತೀರಾ?" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಊ ಕಣವ್ವ, ಅತ್ತೆಗೆ ಇದೇ ಇಷ್ಟ. ಕೋಳಿ ಅತ್ತಲ್ಲ, ಮಣ್ಣಿಲ್ಲ, ಕೆಳ್ಗಿಂದ ಗಾಜು ಕಾಯ್ತದೆ. ಎರಡೇ ದಿನಕ್ಕೆ ಗರಿಗರಿ ಆಯ್ತದೆ. ಬೀದಿಯೋರೆಲ್ಲ ನಮ್ದೂ ಹಾಕೊಡಿ ಅಂತಾವ್ರೆ."

"ಇದು ಮುಚ್ಚಿದರೆ ನೆಟ್ ಹೋಗುತ್ತಲ್ಲಾ ತಾಯಿ."

"ಅದ್ಯಾಕೆ ಓಯ್ತದೆ? ಬೆಳಗೊತ್ತು ಮನೆ ಕರೆಂಟ್ ಇರ್ತದಲ್ಲ. ಸೋಲಾರು ಕರೆಂಟ್ ಓದಾಗ ತಾನೆ."

ಹಾಗಂದುಕೊಂಡಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಅವರ ಕರೆಂಟ್ ಬಿಲ್ಲು ಏರಬಾರದು ಎಂದು ಡಬ್ಬಿಯನ್ನು ಮನೆಯ ಕರೆಂಟಿಗೆ ನಾವು ಕೊಟ್ಟೇ ಇರಲಿಲ್ಲ. ಅದನ್ನು ಹೇಳಿಯೂ ಇರಲಿಲ್ಲ. ಪಾಸ್‌ವರ್ಡು ಹೇಗಿಡಬೇಕು, ಮೋಸದ ಮೆಸೇಜು ಬಂದರೆ ಏನು ಮಾಡಬೇಕು ಎಂದು ಎರಡು ಗಂಟೆ ಕೊರೆದಿದ್ದೆವು. ಈ ಗಾಜಿಗೆ ಬಿಸಿಲು ಬೀಳಬೇಕು ಎಂಬ ಒಂದೇ ಒಂದು ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ.

ನನ್ನ ಮೇಲೇ ಸಿಟ್ಟು ಬಂತು. ನನ್ನ ಮೇಲೆ ಸಿಟ್ಟು ಬಂದಾಗ ನಾನು ಬೇರೆಯವರ ವಸ್ತು ಎಳೆಯುತ್ತೇನೆ. ಪಂಚೆಯ ದಾರಕ್ಕೆ ಕೈ ಹಾಕಿದೆ. ದೊಡ್ಡವ್ವ ನನ್ನ ಕೈ ಮೇಲೆ ಚಟೀರನೆ ಒಂದು ಬಿಟ್ಟರು. ಅರೆಬರೆ ಒಣಗಿದ ಸಂಡಿಗೆ ಅಲ್ಲಾಡಿಸಿದರೆ ಮುದ್ದೆಯಾಗುತ್ತದೆ ಎಂಬುದು ನನಗೂ ಗೊತ್ತಿರಬೇಕಿತ್ತು.

"ಅದು ಅಗರಕ್ಕೆ ಕಳ್ಸಕ್ಕೆ ಮಾಡ್ತಾ ಇರೋದು," ಎಂದಳು ಸೊಸೆ. "ಸಣ್ಣತ್ತೆಗೆ. ಯಾರ್ಗೂ ಮುಟ್ಟಕ್ಕೆ ಬುಡಲ್ಲ."

ತಂಗಿಗೆ ಕಳಿಸುವ ಸಂಡಿಗೆಯೇ ತಂಗಿಯ ಮುಖಕ್ಕೆ ಅಡ್ಡ ಕೂತಿತ್ತು. ಇದನ್ನು ದೊಡ್ಡವ್ವನಿಗೆ ತಿಳಿಸುವುದು ಹೇಗೆ? ಸೊಸೆಯ ಸನ್ನೆ ಊಟ, ನೀರು, ಹಸುವಿಗೇ ಮುಗಿಯುತ್ತಿತ್ತು. ತಿಳಿಸಿ ಹೇಳಬಲ್ಲವರು ತಂಗಿ. ತಂಗಿ ಕಾಣಲು ನೆಟ್ಟು ಬೇಕು. ನೆಟ್ಟು ಬರಲು ಸಂಡಿಗೆ ಏಳಬೇಕು. ಮೈಸೂರಿನವನು ಇದಕ್ಕೂ ಒಂದು ಬಾಣದ ಚಿತ್ರ ಬರೆಯಬಹುದಿತ್ತು.

ನಾನೇ ಪ್ರಯತ್ನಿಸಿದೆ. ಸೂರ್ಯನನ್ನು ತೋರಿಸಿದೆ, ಗಾಜನ್ನು ತೋರಿಸಿದೆ. ಗಾಜು ಬಿಸಿಲನ್ನು ತಿನ್ನುತ್ತದೆ ಎನ್ನಲು ಬಾಯಿಗೆ ಕೈಯಿಟ್ಟು ಜಗಿದೆ. ತಿಂದರೆ ಸಂತೋಷ ಎಂದು ಹೊಟ್ಟೆ ಸವರಿಕೊಂಡೆ. ಆಮೇಲೆ ಸಂಡಿಗೆ ತೋರಿಸಿ, ಇದಿದ್ದರೆ ಗತಿಯಿಲ್ಲ ಎಂದು ಹೊಟ್ಟೆ ಒಳಗೆಳೆದು, ಕಣ್ಣು ತೇಲಿಸಿ, ಕಂಬಕ್ಕೆ ಒರಗಿ ಕುಸಿದೆ. ಚೆನ್ನಾಗಿಯೇ ಮಾಡಿದೆ ಅನ್ನಿಸಿತು. ದೊಡ್ಡವ್ವ ನನ್ನನ್ನೇ ಕನಿಕರದಿಂದ ನೋಡಿದರು. ನೋಯುವ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಸೊಸೆಯ ಕೈಯಲ್ಲಿ ಎರಡು ತಟ್ಟೆ ಹೊರಿಸಿಕೊಂಡು ಬಂದರು. ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಕರಿದ ಸಂಡಿಗೆ. ಮೈಸೂರಿನವನು ನಿಯತ್ತಾಗಿ ಕೂತು ಎರಡು ಮುದ್ದೆ ನುಂಗಿದ. ಅವನು ಏನನ್ನೂ ಜಗಿಯುವುದಿಲ್ಲ, ಮುದ್ದೆ ಮಟ್ಟಿಗೆ ಅದು ಒಳ್ಳೆಯದೇ.

ಅಷ್ಟರಲ್ಲಿ ಹನ್ನೆರಡು ದಾಟಿತು. ಒಂದಕ್ಕೆ ಅಗರದ ಗುಮಾಸ್ತ ಫೋನ್ ಸಮೇತ ಹೊರಟುಬಿಡುತ್ತಾನೆ. ಈಗ ಪಂಚೆ ತೆಗೆದರೂ ಸತ್ತ ಬ್ಯಾಟರಿ ಏಳಲು ಗಂಟೆ ಬೇಕು. ಕೈತೊಳೆಯುತ್ತ ಮೈಸೂರಿನವನು ಅಂಗಳದ ಟ್ರ್ಯಾಕ್ಟರ್ ನೋಡಿದ. ಅವನು ಆ ವರ್ಷ ಯೋಚಿಸಿದ ಒಂದೇ ಒಳ್ಳೆಯ ವಿಷಯ ಅದು.

"ಟ್ರ್ಯಾಕ್ಟ್ರು ಬ್ಯಾಟ್ರಿ ಬಿಚ್ಚಿದ್ರೆ ಆಯ್ತದಾ ಸಾ?" ಎಂದು ಮಗ ಅನುಮಾನದಿಂದ ಕೇಳಿದ. ಆಮೇಲೆ ತಾಯಿಯ ಹೊಸ ಸೀರೆ ನೋಡಿ ತಾನೇ ಸ್ಪ್ಯಾನರ್ ತಂದ. "ನಾಳೆ ಸ್ಟಾರ್ಟ್ ಆಗ್ನಿಲ್ಲ ಅಂದ್ರೆ ನಿಮ್ಮಿಬ್ರ ಕೈಲೇ ತಳ್ಳುಸ್ತೀನಿ, ಈಗ್ಲೇ ಹೇಳಿವ್ನಿ."

ಆ ಬ್ಯಾಟರಿಯ ಭಾರ ನನ್ನ ಸೊಂಟಕ್ಕೆ ಇವತ್ತಿಗೂ ನೆನಪಿದೆ. ಮೂವರೂ ಉಸಿರು ಕಟ್ಟಿ ತಾರಸಿಗೆ ಏರಿಸಿದೆವು. ತಂತಿ ಕೊಟ್ಟೆವು. ಹಸಿರು ದೀಪ ಹತ್ತಿತು. ಕೆಳಗಿಳಿದು ಮನೆಯೊಳಗೆ ಫೋನ್ ಹಚ್ಚಿದರೆ ಹನ್ನೆರಡೂವರೆಗೆ ಅಗರ ಸಿಕ್ಕಿತು.

ಮೊದಲು ಕಂಡದ್ದು ಸೀಲಿಂಗ್ ಫ್ಯಾನು. ದೊಡ್ಡವ್ವ ಆ ಫ್ಯಾನಿಗೆ ಕೈ ಬೀಸಿ ಜೋರಾಗಿ ಬೈದರು. ಆಮೇಲೆ ಒಂದು ಮೂಗು ಬಂತು, ಆಮೇಲೆ ತಂಗಿ. ಇನ್ನೇನು ಮಾತು ಶುರುವಾಗಬೇಕು, ದೊಡ್ಡವ್ವನ ಒಂದು ಕೈಯಲ್ಲಿ ಫೋನು, ಅವರ ಭಾಷೆಗೋ ಎರಡು ಕೈ ಬೇಕು. ಅತ್ತ ಕಡೆಯೂ ಅದೇ ಕಥೆ. ಇಬ್ಬರೂ ಅರ್ಧರ್ಧ ಮಾತಾಡಿ ಇಬ್ಬರಿಗೂ ರೇಗಿತು. ನಾನು ಫೋನ್ ಕಿತ್ತುಕೊಂಡು ರಾಗಿ ಡಬ್ಬಕ್ಕೆ ಒರಗಿಸಿದೆ. ಅತ್ತ ಗುಮಾಸ್ತ ತಾನೇ ಹಿಡಿದು ನಿಂತ.

ದೊಡ್ಡವ್ವ ಮೊದಲು ತಂಗಿಯ ತಲೆ ತೋರಿಸಿದರು, ಬಾಚಿಲ್ಲ ಎಂದು. ತಂಗಿ ಅಕ್ಕನ ಸೀರೆ ತೋರಿಸಿ ಏನೋ ಚುಡಾಯಿಸಿದರು. ನಾನು ನಡುವೆ ಬಾಯಿ ಹಾಕಿ ಸಂಡಿಗೆಯ ಸಮಾಚಾರ ತಿಳಿಸಿದೆ. ನಾನು ಕಾಲು ಗಂಟೆ ಕುಣಿದು ಹೇಳಲಾಗದ್ದನ್ನು ತಂಗಿ ಮೂರು ಸನ್ನೆಯಲ್ಲಿ ಮುಗಿಸಿದರು. ದೊಡ್ಡವ್ವ ತಾರಸಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಹಣೆ ಚಚ್ಚಿಕೊಂಡು ನಕ್ಕರು. ಹೊಟ್ಟೆ ಸವರಿಕೊಂಡು, ಕಣ್ಣು ತೇಲಿಸಿ, ನಾನು ಕುಸಿದದ್ದನ್ನು ತಂಗಿಗೆ ಮಾಡಿ ತೋರಿಸಿದರು. ನನಗಿಂತ ಚೆನ್ನಾಗಿತ್ತು. ಸೊಸೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ಆಮೇಲೆ ದೊಡ್ಡವ್ವನ ಕೈ ನಿಧಾನವಾಯಿತು. ನೆಲದಿಂದ ಮೊಳದೆತ್ತರಕ್ಕೆ ಅಂಗೈ ಹಿಡಿದರು. ಹಣೆಯ ಮೇಲೆ ಒಂದು ಬೊಟ್ಟಿಟ್ಟರು. ಬಟ್ಟೆ ಹಿಂಡಿ ಯಾರ ಬಾಯಿಗೋ ಇಟ್ಟ ಹಾಗೆ ಮಾಡಿದರು. ಇದ್ದಕ್ಕಿದ್ದಂತೆ ಅವರ ಗಂಟಲಿಂದ ಒಂದು ಸದ್ದು ಬಂತು, ಭುಜ ಅಲುಗತೊಡಗಿತು.

"ಏನಂತೆ?" ಎಂದು ಮಗ ಗಾಬರಿಯಿಂದ ಫೋನಿಗೆ ಕೇಳಿದ. "ಚಿಕ್ಕವ್ವ, ಯಾಕಂತೆ ಅಳ್ತಾ ಇರೋದು?"

"ಕರಾನ ಚಿರತೆ ಒತ್ಕಂಡು ಓಯ್ತಂತಲ್ಲಪ್ಪ," ಎಂದರು ಅಗರದ ತಂಗಿ. ಅವರೂ ಕಣ್ಣೊರೆಸಿಕೊಳ್ಳುತ್ತಿದ್ದರು. "ಬಿಳೀ ಬೊಟ್ಟಿನ ಕರ. ಹಸ ಒದೀತದೆ ಅಂತ ಬಟ್ಟೇಲಿ ಆಲು ಕುಡ್ಸಿ ಸಾಕಿದ್ಳಂತೆ. ಅದುನ್ನ ಹೇಳ್ತಾವ್ಳೆ."

ಮಗನೂ ಸೊಸೆಯೂ ಮುಖ ಮುಖ ನೋಡಿಕೊಂಡರು.

"ಅದು ದೀಪಾವಳಿ ಆದ್ಮೇಲೆ ಓಗಿದ್ದಲ್ವಾ," ಎಂದಳು ಸೊಸೆ ಮೆಲ್ಲಗೆ. "ಐದಾರ್ ತಿಂಗ್ಳಾಯ್ತು. ಆವತ್ತು ಅತ್ತೆ ದಿನದಂಗೇ ಮುದ್ದೆ ತಿರುವಿ ನಮಗೆಲ್ಲ ಇಕ್ಕುದ್ರು. ಏನೂ ಅನ್ನಿಸ್ನಿಲ್ಲ ಅಂತ ನಾವ್ ಅಂದ್ಕಂಡ್ವಿ."

ಗುಮಾಸ್ತನಿಗೆ ಹೊರಡುವ ಹೊತ್ತು ಮೀರಿತ್ತು, ಅವನು ಫೋನ್ ಹಿಡಿದೇ ನಿಂತಿದ್ದ. ದೊಡ್ಡವ್ವ ಹೇಳುತ್ತಲೇ ಇದ್ದರು. ಕರು ಹೇಗೆ ಬಾಲ ಎತ್ತಿ ಓಡುತ್ತಿತ್ತು, ಯಾವ ಬೇಲಿಯ ಹತ್ತಿರ ಹಗ್ಗ ಮಾತ್ರ ಸಿಕ್ಕಿತು, ಎಲ್ಲ.

ಅವರು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಾಗ ಸೊಸೆ ರಾಗಿ ಡಬ್ಬದ ಮುಂದೆ ಬಂದು ಚಕ್ಕಳಮಕ್ಕಳ ಹಾಕಿ ಕೂತಳು.

"ಸಣ್ಣತ್ತೆ, ಫೋನ್ ಇಡಬ್ಯಾಡಿ," ಎಂದಳು. "ಕರ ಅನ್ನಕ್ಕೆ ಕೈ ಎಂಗೆ ಮಾಡ್ಬೇಕು, ನಂಗೊಂದ್ಸಲ ತೋರ್ಸಿ."