ತೇಜಾಬು ಪಳಗಿಸಿದವನು

ನಿಜಾಮರ ಕಾಲದ ಶಹಾಬಾದಿನಲ್ಲಿ, ಕಲ್ಲು ಪರೀಕ್ಷೆಯ ಕೋಣೆಯೊಂದರಲ್ಲಿ ದೇವಿಂದ್ರಪ್ಪ ಇಪ್ಪತ್ತು ವರ್ಷ ಸುಣ್ಣಗಲ್ಲಿನ ಪುಡಿಗೆ ತೇಜಾಬು, ಅಂದರೆ ಕಡು ಆಮ್ಲ, ಸುರಿದು ಅದರ ಹೊಗೆ ಕುಡಿದ. ಮುಂದಿನ ಹಲ್ಲುಗಳೆಲ್ಲ ಸವೆದು ಮೊಂಡಾದವು.

“ಪುಂಡಿಪಲ್ಯದ ಹುಳೀನೂ ತೇಜಾಬಿನ ಜಾತೀದ,” ಎಂದು ಅದೇ ಕೋಣೆಯ, ರಸಾಯನ ಬಲ್ಲ ಮಜೀದ್ ಸಾಹೇಬರು ಅವನಿಗೆ ಹೇಳಿಕೊಟ್ಟಿದ್ದರು. “ನೀರಾಗ ಹೈಡ್ರೋಜನ್ ಬಿಟ್ಟುಕೊಡೋದಕ್ಕ ಆಮ್ಲ ಅಂತಾರ. ಪುಂಡಿ ಜರಾ ಬಿಡ್ತದ, ಉಳಿದದ್ದು ಹಿಡಕೊಂತದ. ತೇಜಾಬು ಪೂರಾ ಬಿಡ್ತದ, ಅದಕ್ಕೇ ಭಾಳ ಜೋರು.”

ಅಂಥ ತೇಜಾಬನ್ನೇ ಪಳಗಿಸಿದವನೆಂಬ ಜಂಬ ದೇವಿಂದ್ರಪ್ಪನಿಗಿತ್ತು. ಒಂದು ಮಳೆಗಾಲದಲ್ಲಿ ಮೊದಲು ಬಂದ ಪುಂಡಿಸೊಪ್ಪಿನ ಪಲ್ಯವನ್ನು ಹೆಂಡತಿ ಚಂದಮ್ಮ ಅವನಿಗೆ ಇಷ್ಟವೆಂದು ಬಡಿಸಿದಳು. ಮೊದಲ ತುತ್ತಿಗೇ ಹುಳಿ ಹಲ್ಲಿನ ಬೇರಿಗಿಳಿದು ಕಣ್ಣಲ್ಲಿ ನೀರು ಬಂತು.

“ಖಾರ ಆಗ್ಯಾದೇನ್ರಿ?”

“ಹ್ಞೂಂ,” ಎಂದು, ಹುಳಿಯ ಮಾತೆತ್ತದೆ ತಾಟು ಸರಿಸಿದ.

ಮರುದಿನ ಅವಳು ಖಾರ ಕಡಿಮೆ ಹಾಕಿ ಮತ್ತೆ ಅದನ್ನೇ ಬಡಿಸಿದಳು.