ಸಾಲು ಸಾಲಾಗಿ ಸರಿದ ಪುರಾಣ

ನಮ್ಮ ದೊಡ್ಡಪ್ಪ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಆಯುಷ್ಯ ಕಳೆದವನು. ಕಬ್ಬಿಣ ಹೆರೆಯುವುದು ಹೊಟ್ಟೆಪಾಡು. ಮನಸ್ಸಿದ್ದದ್ದು ಮಾತ್ರ ಪುರಾಣ ಓದುವುದರಲ್ಲಿ. ಶ್ರಾವಣ ಬಂತೆಂದರೆ ತಿಂಗಳಿಡೀ ಸಂಜೆ ಅವನ ಮನೆಯ ಪಡಸಾಲೆಯಲ್ಲಿ ಪುರಾಣ. ಓಣಿಯವರೆಲ್ಲ ಬಂದು ಕೂರುತ್ತಿದ್ದರು, ಪಕ್ಕದ ಸಾರಥಿ ಊರಿನಿಂದಲೂ ಒಂದಿಬ್ಬರು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ದೊಡ್ಡಪ್ಪ ಒಂದು ಪದ್ಯವನ್ನು ರಾಗವಾಗಿ ಓದಿ, ನಿಲ್ಲಿಸಿ ಅರ್ಥ ಹೇಳಿ, ಮುಂದಿನದಕ್ಕೆ ಹೋಗುತ್ತಿದ್ದ. ಅವನ ಅಪ್ಪನಿಂದ ಬಂದ ಕಟ್ಟುನಿಟ್ಟು ಒಂದಿತ್ತು. ಬಾಯಿಪಾಠ ಹೇಳುವಂತಿಲ್ಲ, ಅಕ್ಷರ ನೋಡಿಯೇ ಓದಬೇಕು. ನಡುವೆ ಒಂದು ಸಾಲು ಹಾರಿದರೂ ಆ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಹಿಡಿಯಬೇಕು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವನ ಎರಡೂ ಕಣ್ಣಿಗೆ ಪೊರೆ ಬಂತು. ಪೊರೆ ಇನ್ನೂ ಬಲಿಯಬೇಕು, ದೀಪಾವಳಿ ಕಳೆದ ಮೇಲೆ ಆಪರೇಷನ್ ಮಾಡೋಣ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಆದರೆ ಶ್ರಾವಣ ದೀಪಾವಳಿಗೆ ಕಾಯುತ್ತದೆಯೇ? ಓಣಿಯ ಕಿರಾಣಿ ಅಂಗಡಿಯ ಹಿರಿಯರೊಬ್ಬರು ಪಾಪ ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ತೋರಿಸಿದರು.

"ಈ ವರ್ಷ ಪುರಾಣದ ಕ್ಯಾಸೆಟ್ ಹಚ್ಚಿಬಿಡೋಣ. ಟೇಪ್ ರೆಕಾರ್ಡರ್ ನಮ್ಮನ್ಯಾಗೆ ಐತೆ. ನೀವು ಆರಾಮ ಕುಂತು ಕೇಳ್ರಿ."

ದೊಡ್ಡಪ್ಪ ಆವತ್ತಿನಿಂದ ತಟ್ಟೆಯಲ್ಲಿ ರೊಟ್ಟಿ ಬಿಡತೊಡಗಿದ. ಹದಡಿಯ ಹೆಣ್ಣುಮಗಳಾದ ನಮ್ಮ ದೊಡ್ಡವ್ವ ಬಿಟ್ಟ ರೊಟ್ಟಿಗೆ ಸುಮ್ಮನಿರುವವಳಲ್ಲ. ಸೀದಾ ನನ್ನ ಆಫೀಸಿಗೆ ಫೋನ್ ಮಾಡಿದಳು. "ನೀನು ಕಂಪ್ಯೂಟರ್ನಾಗೆ ಅಕ್ಷರ ದೊಡ್ಡದು ಸಣ್ಣದು ಮಾಡ್ತೀಯಲ್ಲ, ಇವರಿಗೂ ಒಂದೀಟು ದೊಡ್ಡದು ಮಾಡಿಕೊಡು" ಎಂದಳು.

ನಾನಾಗ ದಾವಣಗೆರೆಯ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದೆ. ದೊಡ್ಡಪ್ಪ ಓದುತ್ತಿದ್ದ ಪುರಾಣವನ್ನೇ ಆ ವರ್ಷ ಮರುಮುದ್ರಣಕ್ಕೆಂದು ನಾನೇ ಟೈಪು ಮಾಡಿ ಮುಗಿಸಿದ್ದೆ. ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ತೆಗೆದುಕೊಟ್ಟೆ. ಸಂಜೆಯ ಬಲ್ಬಿನ ಬೆಳಕಿನಲ್ಲಿ ಅದೂ ಅವನಿಗೆ ಬರೀ ಬೂದಿ ಬೂದಿ. ಹಿಂದಿನಿಂದ ಬೆಳಕು ಬಂದರೆ ಮಾತ್ರ ಅಕ್ಷರ ಎದ್ದು ಕಾಣುತ್ತಿತ್ತು. ಹಾಗಾದರೆ ಕಂಪ್ಯೂಟರನ್ನೇ ಒಯ್ಯುತ್ತೇನೆ ಎಂದು ಮಾಲೀಕರ ಮುಂದೆ ಹಟ ಹಿಡಿದೆ. ನನ್ನ ಹಟ ಅವರಿಗೆ ಗೊತ್ತಿತ್ತು. ಮೂಲೆಗೆ ಸೇರಿದ್ದ ಹಳೆಯ ಕಂಪ್ಯೂಟರಿಗೆ ಆಗಷ್ಟೇ ಪೇಟೆಗೆ ಬಂದಿದ್ದ ಚಕ್ರವಿರುವ ಮೌಸ್ ಸೇರಿಸಿ, ಶ್ರಾವಣ ಮುಗಿಯುವವರೆಗೆ ಇಟ್ಟುಕೋ ಎಂದರು.

ಗೂಡ್ಸ್ ಆಟೋದಲ್ಲಿ ಅದನ್ನು ಮಡಿಲ ಕೂಸಿನಂತೆ ಹಿಡಿದುಕೊಂಡು ಹರಿಹರ ಮುಟ್ಟಿದೆ. ಪುಟ ಓದುವ ಸಾಫ್ಟ್‌ವೇರ್ ತೆರೆದು, ಹೆಬ್ಬೆರಳಿನಷ್ಟು ದಪ್ಪಕ್ಕೆ ಅಕ್ಷರ ಹಿಗ್ಗಿಸಿದೆ. ದೊಡ್ಡಪ್ಪ ಮುಖವನ್ನು ಪರದೆಯ ಹತ್ತಿರ ತಂದ. ತುಟಿ ಅಲುಗಿತು. ಮೊದಲ ಪದ್ಯದ ಮೊದಲ ಸಾಲನ್ನು ಮೆಲ್ಲಗೆ ಓದಿದ, ಎರಡನೆಯದನ್ನು ಸ್ವಲ್ಪ ಜೋರಾಗಿ, ಮೂರನೆಯದಕ್ಕೆ ರಾಗವೇ ಹತ್ತಿತು. ಒಳಗಿಂದ ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನನಗೆ ಆಗಿದ್ದ ಸಂತೋಷ ಇಷ್ಟಿಷ್ಟಲ್ಲ.

ಅದು ನಾಲ್ಕನೆಯ ಸಾಲಿನವರೆಗೆ ಮಾತ್ರ. ಪದ್ಯಕ್ಕೆ ಆರು ಸಾಲು, ಪರದೆಯಲ್ಲಿ ಹಿಡಿಸುತ್ತಿದ್ದದ್ದು ನಾಲ್ಕೇ. ಮುಂದಿನದಕ್ಕೆ ಮೌಸಿನ ಚಕ್ರ ತಿರುಗಿಸಬೇಕು. ದೊಡ್ಡಪ್ಪ ತಿರುಗಿಸಿದ. ಪುರಾಣ ಎದ್ದುಬಿದ್ದು ಓಡಿತು. ಹಿಂದಕ್ಕೆ ತಿರುಗಿಸಿದ, ಪೀಠಿಕೆಗೆ ಹೋಗಿ ನಿಂತಿತು. ಸಾಲು ತಪ್ಪಿತು ಎಂದು ಮೊದಲಿನಿಂದ ಓದಿದ. ಮತ್ತೆ ಓಡಿತು, ಮತ್ತೆ ಮೊದಲಿನಿಂದ. ಗಣಪತಿ ಸ್ತುತಿಯನ್ನು ಆ ದಿನ ಕೇಳಿದಷ್ಟು ನಾನು ಜನ್ಮದಲ್ಲಿ ಕೇಳಿಲ್ಲ.

"ಮೆಲ್ಲಗೆ ದೊಡ್ಡಪ್ಪ, ಮೆಲ್ಲಗೆ" ಎಂದು ನಾನು ಹಲ್ಲು ಕಚ್ಚಿದೆ.

"ಮೆಲ್ಲಗೇ ತಿರುವ್ತಿದೀನಲ್ಲವ್ವ. ಇದರ ಮೈಯಾಗೆ ಏನು ಸೇರಿಕೊಂಡೈತೋ" ಎಂದ.

ಕೀಲಿಮಣೆಯ ಬಾಣದ ಗುಂಡಿ ತೋರಿಸಿದೆ. ಅವನ ಕಣ್ಣಿಗೆ ಆ ಗುಂಡಿ ಕಾಣದು, ಬೆರಳಿಗೆ ಒಂದೇ ಸಿಗದು. ಪಕ್ಕದ ಮೂರನ್ನೂ ಸೇರಿಸಿ ಒತ್ತುತ್ತಿದ್ದ. ಚಕ್ರವಾದರೆ ತಡವಿದರೆ ಸಿಗುತ್ತಿತ್ತು. ಆದ್ದರಿಂದ ಆ ಹಾಳು ಚಕ್ರವನ್ನೇ ದಾರಿಗೆ ತರಬೇಕಿತ್ತು.

ಶ್ರಾವಣ ಹೊಸ್ತಿಲಲ್ಲಿತ್ತು. ಅಂಗಡಿಯ ಹಿರಿಯರು ಕ್ಯಾಸೆಟ್ ತಂದು ಗೂಡಿನಲ್ಲಿಟ್ಟೂ ಹೋಗಿದ್ದರು, ಇರಲಿ ಅಂತ. ಆ ಕ್ಯಾಸೆಟ್ ನೋಡಿದಾಗೆಲ್ಲ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಕಂಪ್ಯೂಟರಿನ ಸೆಟ್ಟಿಂಗ್ ತೆರೆದು ಮೌಸಿನ ವೇಗ ಎಂದಿದ್ದನ್ನು ಪೂರ್ತಿ ಕಡಿಮೆ ಮಾಡಿದೆ. ಪರದೆಯ ಮೇಲಿನ ಬಾಣದ ಗುರುತು ಬಸುರಿಯಂತೆ ನಡೆಯತೊಡಗಿತು. ಪುಟ ಮಾತ್ರ ಮೊದಲಿನ ಹಾಗೆಯೇ ಓಡುತ್ತಿತ್ತು. ಅದು ಬಾಣದ ವೇಗ, ಚಕ್ರದ್ದಲ್ಲ ಎಂದು ತಿಳಿಯುವಷ್ಟರಲ್ಲಿ ದೊಡ್ಡವ್ವ ಎರಡು ಸಲ ಚಹಾ ಕೊಟ್ಟು, ನನ್ನ ಬೈಗುಳ ಕೇಳಲಾರದೆ ಹಿತ್ತಿಲಿಗೆ ಹೋದಳು.

ಕೊನೆಗೆ ಅದೇ ಸೆಟ್ಟಿಂಗಿನ ಇನ್ನೊಂದು ಹಾಳೆಯಲ್ಲಿ ಚಕ್ರದ ಲೆಕ್ಕ ಸಿಕ್ಕಿತು. ಚಕ್ರ ಒಂದು ಹಲ್ಲು ತಿರುಗಿದರೆ ಮೂರು ಸಾಲು ಸರಿಯಲಿ ಎಂದು ಯಾವನೋ ಪುಣ್ಯಾತ್ಮ ಮೊದಲೇ ಬರೆದಿಟ್ಟಿದ್ದ. ಅದನ್ನು ಒಂದಕ್ಕೆ ಇಳಿಸಿದೆ. ಎಷ್ಟೋ ತಣ್ಣಗಾಯಿತು. ಆದರೂ ಪುಟದ ತುದಿ ಮುಟ್ಟಿದಾಗ ಒಮ್ಮೆಲೇ ಮುಂದಿನ ಪುಟಕ್ಕೆ ಜಿಗಿಯುತ್ತಿತ್ತು. ಸಾಫ್ಟ್‌ವೇರಿನಲ್ಲಿ ಒಂದೊಂದೇ ಪುಟ ತೋರಿಸು ಎಂದಿದ್ದದ್ದನ್ನು ಬದಲಿಸಿ, ಪುಟಗಳೆಲ್ಲ ಒಂದರ ಕೆಳಗೊಂದು ಸೇರಿಕೊಂಡು ಬರುವ ಹಾಗೆ ಮಾಡಿದೆ. ಈಗ ಪುರಾಣ ಬಾವಿಯ ಹಗ್ಗದ ಹಾಗೆ ಎಳೆದಷ್ಟೇ ಬರುತ್ತಿತ್ತು.

ಗೆದ್ದೆ ಅಂದುಕೊಂಡೆ. ದೊಡ್ಡಪ್ಪನನ್ನು ಕೂಡಿಸಿದೆ. ಅವನು ಚಕ್ರವನ್ನು ಮುಂದಕ್ಕೆ ಬರಬರನೆ ಸುತ್ತಿದ, ಮತ್ತೆ ಒಂದಿಷ್ಟು ಹಿಂದಕ್ಕೆ ತಂದು ಮುಂದಕ್ಕೆ ಒತ್ತಿ ನಿಲ್ಲಿಸಿದ. ಸಾಲು ಮತ್ತೆ ಕಳೆದುಹೋಯಿತು.

"ಹಿಂದಕ್ಕೆ ಯಾಕ ತಿರುವ್ತೀ?" ಎಂದು ರೇಗಿದೆ.

"ಆಟ ತೆಗಿಬ್ಯಾಡ್ವೇನು?" ಎಂದ, ನನ್ನನ್ನೇ ಪೆದ್ದಿಯೆಂಬಂತೆ ನೋಡಿ.

ಆಗ ಗೊತ್ತಾಯಿತು. ಲೇತಿನ ಕೈಚಕ್ರವನ್ನು ಇಡೀ ಒಂದು ಸುತ್ತು ತಿರುಗಿಸಿದರೂ ಉಳಿ ಸರಿಯುವುದು ಒಂದೀಟೇ. ಮೇಲಾಗಿ ಚಕ್ರದ ಹಲ್ಲುಗಳ ನಡುವೆ ಸ್ವಲ್ಪ ಸಡಿಲ ಇರುತ್ತದೆ, ಅದಕ್ಕೆ ಅವರು ಆಟ ಅನ್ನುತ್ತಾರೆ. ಹಿಂದಕ್ಕೆ ತಂದು ಮತ್ತೆ ಮುಂದಕ್ಕೊತ್ತಿ ಆ ಆಟ ತೆಗೆದರೇನೇ ಅಳತೆ ಸರಿ ಕೂರುವುದು. ದೊಡ್ಡಪ್ಪನ ಬೆರಳು ಈ ಚಕ್ರವನ್ನೂ ಲೇತಿನದೆಂದೇ ತಿಳಿದಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಇದರಾಗೆ ಆಟ ಇಲ್ಲ ದೊಡ್ಡಪ್ಪ. ಟಕ್ ಅಂದ್ರೆ ಒಂದು ಸಾಲು. ಅಷ್ಟೇ."

"ಆಟ ಇಲ್ಲದ ಚಕ್ರ ಎಲ್ಲೈತೆ? ನೀನು ಹೇಳ್ತೀ ಅಂತ ನಂಬ್ತೀನಿ" ಎಂದು ಅವನೂ ನಕ್ಕ. ಆಮೇಲೆ ಕಣ್ಣು ಮುಚ್ಚಿ ಟಕ್ ಟಕ್ ಎಂದು ಬೆರಳಿಗೆ ಹೊಸ ಬುದ್ಧಿ ಕಲಿಸುತ್ತ ಕುಳಿತ. ರಾತ್ರಿ ಊಟಕ್ಕೆ ಒಂದು ರೊಟ್ಟಿ ಹೆಚ್ಚಿಗೆ ಕೇಳಿದ.

ಶ್ರಾವಣದ ಮೊದಲ ಸಂಜೆ ಪಡಸಾಲೆ ತುಂಬಿತು. ದೊಡ್ಡವ್ವ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಮೌಸಿನ ಮೇಲೂ ಒಂದು ಹೂವಿಟ್ಟಿದ್ದಳು. ಅದು ಚಕ್ರಕ್ಕೆ ಸಿಕ್ಕೀತೆಂದು ನಾನು ತೆಗೆದರೆ ನನ್ನನ್ನು ದುರುಗುಟ್ಟಿ ನೋಡಿದಳು. ಓದು ಒಂದು ಸಾಲೂ ತಪ್ಪದೆ ಮುಗಿಯಿತು. ಮಂಗಳಾರತಿಯಾಗಿ ಎಲ್ಲರಿಗೂ ಮಂಡಕ್ಕಿ ಹಂಚಿದೆವು.

ಎರಡನೆಯ ಸಂಜೆ, ಪದ್ಯದ ನಡುವೆ, ಕರೆಂಟು ಹೋಯಿತು. ಪರದೆ ಕಪ್ಪಾಯಿತು. ದೊಡ್ಡಪ್ಪ ರಾಗವನ್ನು ಅಲ್ಲೇ ನಿಲ್ಲಿಸಿದ.

"ಬಾಯಿಪಾಠ ಐತಲ್ರಿ ನಿಮಗೆ, ಮುಂದಕ್ಕೆ ಹೇಳ್ರಿ" ಎಂದಿತು ಕತ್ತಲಲ್ಲಿ ಅಂಗಡಿಯ ಹಿರಿಯರ ದನಿ.

"ಐತೆ. ಆದ್ರೆ ಅದು ಓದಿದಂಗ ಆಗಲ್ಲ" ಎಂದ ದೊಡ್ಡಪ್ಪ. ದೊಡ್ಡವ್ವ ದೀಪ ತಂದಳು. ಎಲ್ಲರೂ ಮಳೆ, ಬಿತ್ತನೆ ಎಂದು ಮಾತಾಡುತ್ತ ಕುಳಿತರು.

ಕರೆಂಟು ಬಂತು. ಕಂಪ್ಯೂಟರು ಆಕಳಿಸಿ ಮೈಮುರಿದು ಏಳುವ ಹೊತ್ತಿಗೆ ನನಗೆ ಸಾಕುಬೇಕಾಯಿತು. ಪುರಾಣ ಮತ್ತೆ ಮೊದಲ ಪುಟದಲ್ಲಿ ತೆರೆದುಕೊಂಡಿತು. ನಿನ್ನೆ ಓದಿದ್ದನ್ನೂ ಇಂದು ಓದಿದ್ದನ್ನೂ ದಾಟಿ ಮುಂದೆ ಹೋಗಬೇಕು, ನಾನೇ ಮಾಡಿಟ್ಟ ಸೆಟ್ಟಿಂಗಿನಲ್ಲಿ ಚಕ್ರದ ಒಂದು ಹಲ್ಲಿಗೆ ಒಂದೇ ಸಾಲು. ಪರದೆಯ ಬದಿಯಲ್ಲಿದ್ದ ಪುಟ ಸರಿಸುವ ಪಟ್ಟಿ ಹಿಡಿದು ಒಂದೇ ಏಟಿಗೆ ಎಳೆದುಬಿಡೋಣವೆಂದು ಕೈ ಚಾಚಿದೆ. ದೊಡ್ಡಪ್ಪ ನನ್ನ ಮಣಿಕಟ್ಟು ಹಿಡಿದ.

"ಬ್ಯಾಡವ್ವ, ಬಿಡು. ಇಷ್ಟು ದಿನ ಅಕ್ಷರ ನನ್ನ ಬಿಟ್ಟು ಓಡ್ತಿದ್ವು. ಈಗ ಕರೆದಂಗೆಲ್ಲ ಒಂದೊಂದೇ ಬರ್ತಾವೆ. ನೋಡಾಕ ಬಿಡು."

ನಾನು ಕೈ ತೆಗೆದೆ. ಅವನು ಟಕ್, ಟಕ್ ಎಂದು ತಿರುಗಿಸುತ್ತ ಹೋದ. ಸರಿಯುತ್ತಿದ್ದ ಸಾಲುಗಳನ್ನು ಪಡಸಾಲೆಯಲ್ಲಿದ್ದವರು ಗುನುಗತೊಡಗಿದರು. ಹಸಿವಾಯಿತೆಂದು ಬಾಗಿಲವರೆಗೆ ಹೋಗಿದ್ದ ಅಂಗಡಿಯ ಹಿರಿಯರು ಗೂಡಿನಲ್ಲಿದ್ದ ಕ್ಯಾಸೆಟ್ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಎದುರಿಗೇ ಇದ್ದ ತಮ್ಮ ಮನೆಯ ಕಡೆಗೆ ತಿರುಗಿ, "ಇನ್ನೂ ಹೊತ್ತಾಗ್ತೈತೆ, ನೀವೆಲ್ಲ ಉಂಡುಬಿಡ್ರಿ" ಎಂದು ಮನೆಯವರಿಗೆ ಕೂಗಿ ಹೇಳಿ, ವಾಪಸು ಬಂದು ಚಾಪೆಯ ಮೇಲೆ ಕುಳಿತರು.