ಮುನಿರತ್ನಮ್ಮನ ವಾಲಕ್ಷರ

ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮುನಿರತ್ನಮ್ಮ ಸೀರೆಯ ಬುಟ್ಟಾಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆಯುವುದರಲ್ಲಿ ಎತ್ತಿದ ಕೈ. ಎಂಬತ್ತೆಂಟನೇ ಇಸವಿಯಲ್ಲಿ ಸೀರೆ ವ್ಯಾಪಾರಿ ವೇಣುಗೋಪಾಲ್ ತನ್ನ ಅಂಗಡಿಯ ರಟ್ಟಿನ ಡಬ್ಬಕ್ಕೂ ಹೆಸರು ಬರೆದುಕೊಡು ಎಂದ. ಆಗೆಲ್ಲ ಅಂಗಡಿಯ ಹೆಸರೆಂದರೆ ನೆಟ್ಟಗೆ ನಿಂತ ದಪ್ಪ ಅಕ್ಷರ, ಬೆನ್ನಿಗೊಂದು ಕಪ್ಪು ನೆರಳು. ಈಕೆ ಬರೆದದ್ದೇ ಬೇರೆ. ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ಸಮ ತೆಳುವು, ತುದಿಗಳು ದುಂಡು, ತಲೆಕಟ್ಟಿಗೆ ಕೊಂಡಿಯಿಲ್ಲ, ಕೊಂಬಿಗೆ ಬಳುಕಿಲ್ಲ. ಇಡೀ ಸಾಲು ಬಲಕ್ಕೆ ಚೂರು ವಾಲಿತ್ತು.

ಅಕ್ಷರ ಊಟ ಬಿಟ್ಟಂತಿದೆಯಲ್ಲ ಎಂದು ವೇಣುಗೋಪಾಲ್ ಮುಖ ಸಿಂಡರಿಸಿದ.

"ಒಳಗಿರೋ ಸೀರೆಗಿಂತ ಮೇಲಿರೋ ಅಕ್ಷರಾನೇ ಭಾರವಾದ್ರೆ ಹೆಂಗಣ್ಣಾ?" ಎಂದಳು ಮುನಿರತ್ನಮ್ಮ.

ಡಬ್ಬ ಹೆಂಗಸರಿಗೆ ಹಿಡಿಸಿತು. ಸೀರೆ ಉಟ್ಟು ಹಳತಾದರೂ ಡಬ್ಬ ಎಸೆಯಲಿಲ್ಲ. ಆಮೇಲೆ ಲಗ್ನಪತ್ರಿಕೆ, ಬಳೆ ಅಂಗಡಿ, ಶಿಶುವಿಹಾರದ ಬೋರ್ಡು, ಎಲ್ಲದಕ್ಕೂ ಅವಳ ವಾಲಕ್ಷರವೇ. ಮುನಿರತ್ನಮ್ಮನಿಗೂ ಸ್ವಲ್ಪ ತಲೆಗೇರಿತು. ತೋಟದ ಗಂಗಣ್ಣ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು ಕೇಳಿದಾಗಲೂ ಅದೇ ಅಕ್ಷರದಲ್ಲಿ ಬರೆದುಕೊಟ್ಟಳು. ಅದನ್ನು ಓದಿ ನಗುನಗುತ್ತ ಗೇಟು ತೆಗೆದ ಇನ್ಶೂರೆನ್ಸ್ ಏಜೆಂಟ್ ಮನೋಹರ್ ಅರ್ಧ ಗಂಟೆ ಸೀಬೆಮರದ ಮೇಲೆ ಕೂರಬೇಕಾಯಿತು.

"ನಿನ್ನ ಅಕ್ಷರ ನೋಡಿದ್ರೆ ನಾಯೀನೇ ಕಾಫಿಗೆ ಕರ್ದಂಗೈತೆ ಕಣಮ್ಮಾ" ಎಂದ ಗಂಗಣ್ಣ.

ಅವಳಿಗೆ ನಾಚಿಕೆಯಾಯಿತು. ಮರುದಿನವೇ ಕೆಂಪು ಬಣ್ಣದಲ್ಲಿ, ದಪ್ಪಗೆ, ನೆಟ್ಟಗೆ ಬರೆದುಕೊಟ್ಟು ಬಂದಳು. ಅಂದಿನಿಂದ ಯಾರೇ ಬಂದರೂ, ಓದುವವರು ಹತ್ತಿರ ಬರಬೇಕೋ ದೂರ ನಿಲ್ಲಬೇಕೋ ಎಂದು ಮೊದಲು ಕೇಳುತ್ತಿದ್ದಳು.

ತೊಂಬತ್ತಾರರಲ್ಲಿ ಬಸ್‌ಸ್ಟ್ಯಾಂಡಿನ ಬಳಿ ಯೋಗಾನಂದ ಡಿಟಿಪಿ ಅಂಗಡಿ ತೆರೆದ. ವೇಣುಗೋಪಾಲ್ ಹೊಸ ಡಬ್ಬದ ಹೆಸರನ್ನು ಅಲ್ಲೇ ಮಾಡಿಸಿದ. ಕಂಪ್ಯೂಟರಿನಲ್ಲಿದ್ದ ತೆಳು ಅಕ್ಷರವನ್ನು ಒಂದೇ ಗುಂಡಿ ಒತ್ತಿ ವಾಲಿಸಿದ್ದರು. ಡಬ್ಬ ನೋಡಿದ ಮುನಿರತ್ನಮ್ಮ ಚಪ್ಪಲಿ ಮೆಟ್ಟಿ ನೇರ ಅಂಗಡಿಗೆ ನಡೆದಳು. ಜಗಳಕ್ಕೇ ಬಂದಳೆಂದು ಯೋಗಾನಂದ ಎದ್ದು ನಿಂತ. ಅವಳು ಪರದೆಯ ಮೇಲಿನ 'ರ'ಕಾರಕ್ಕೆ ಬೆರಳಿಟ್ಟಳು.

"ಇದು ವಾಲಿಲ್ಲ ಕಣಪ್ಪ, ಯಾರೋ ತಳ್ಬಿಟ್ಟವ್ರೆ. ಗುಂಡಗಿದ್ದದ್ದು ಅಮುಕಿ ಒಂದ್ಕಡೆ ದಪ್ಪ ಆಗೈತೆ ನೋಡು. ವಾಲಿಸಿದ್ಮೇಲೆ ಮತ್ತೆ ತಿದ್ದಿ ಗುಂಡಗೆ ಮಾಡ್ಬೇಕು."

ತಿದ್ದುವವರು ಯಾರಕ್ಕಾ ಎಂದ ಯೋಗಾನಂದ. ಅವಳು ಕುರ್ಚಿ ಎಳೆದುಕೊಂಡಳು.

ಎರಡು ವರ್ಷ ಹಿಡಿಯಿತು. ಬುಟ್ಟಾ ಬರೆಯುವ ಗ್ರಾಫ್ ಹಾಳೆಯಲ್ಲೇ ಅವಳು ಒಂದೊಂದು ಅಕ್ಷರ, ಒಂದೊಂದು ಒತ್ತು ಬರೆದು ತಂದಳು. ಅವನು ಕಂಪ್ಯೂಟರಿಗೆ ಇಳಿಸಿದ. 'ಕ್ಷ್ಮ್ಯ' ಒಂದೇ ಹದಿನೈದು ದಿನ ಕಾಡಿತು.

ಕೊನೆಗೆ ಆ ಫಾಂಟಿನ ಫೈಲಿಗೆ ಹೆಸರಿಡಬೇಕಾಯಿತು. ಇಂಗ್ಲಿಷಿನಲ್ಲಿ ಎಂಟೇ ಅಕ್ಷರ ಹಿಡಿಯುತ್ತದೆ ಎಂದ ಯೋಗಾನಂದ ಅವಳ ಹೆಸರನ್ನೇ ಹೊಡೆದ. 'MUNIRATH' ಎನ್ನುವಷ್ಟಕ್ಕೆ ಜಾಗ ಮುಗಿಯಿತು.

ಅವನು ಸಂಕೋಚದಿಂದ ತಿರುಗಿ ನೋಡಿದ. ಮುನಿರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಇರ್ಲಿ ಬಿಡಪ್ಪ. ಅಮ್ಮಾ ಅನ್ನೋಕೆ ಮನೇಲಿ ಇಬ್ರವ್ರೆ."